ಕಲಬುರಗಿ ಬಿಸಿಲಲ್ಲಿ ಹಣ್ಣಿನ ಫ್ರೀಜ್ ಡ್ರೈ: ತಕ್ಕಡಿಯಿಂದಲೇ ಶುರು

ಹಣ್ಣನ್ನು ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರ, ಅಂದರೆ ಫ್ರೀಜ್ ಡ್ರೈಯರ್ ಕೊಳ್ಳುವ ಮೊದಲು 5 ಕೆ.ಜಿ. ತೂಗುವ, 1 ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಒಂದು ಡಿಜಿಟಲ್ ತಕ್ಕಡಿ ಕೊಂಡುಕೊಳ್ಳಿ. ಮನೆಯಲ್ಲಿ ಹಣ್ಣು ಒಣಗಿಸುವವರು ಕೆಡಿಸಿಕೊಳ್ಳುವುದು ಹೆಚ್ಚಾಗಿ ಒಂದೇ ಕಡೆ. ಯಂತ್ರದ ಪರದೆ ‘ಮುಗಿಯಿತು’ ಅಂದ ಕೂಡಲೇ ಪ್ಯಾಕ್ ಮಾಡಿಬಿಡುತ್ತಾರೆ. ಮೂರು ವಾರ ಬಿಟ್ಟು ಪಾಕೀಟು ಒಡೆದರೆ ಕುರುಕುರು ಅನ್ನಬೇಕಾದ ಮಾವಿನ ಹೋಳು ಹಲ್ಲಿಗೆ ಅಂಟುತ್ತದೆ. ಯಂತ್ರ ಅಳೆಯುವುದು ಒತ್ತಡ, ಉಷ್ಣಾಂಶ ಮತ್ತು ಗಂಟೆ. ಹೋಳಿನೊಳಗೆ ಇನ್ನೂ ಎಷ್ಟು ನೀರು ಉಳಿದಿದೆ ಅನ್ನುವುದು ತೂಗಿ ನೋಡಿದರಷ್ಟೇ ತಿಳಿಯುತ್ತದೆ.

ನಮ್ಮ ಕಡೆ ಒಣಗಿಸುವುದು ಹೊಸ ವಿದ್ಯೆಯೇನಲ್ಲ. ಏಪ್ರಿಲ್ ಬಂತೆಂದರೆ ಮಾಳಿಗೆ ಮೇಲೆ ಸಂಡಿಗೆ, ಹಪ್ಪಳ, ಶಾವಿಗೆ ಸಾಲು ಹಿಡಿದು ಬೀಳುತ್ತವೆ. 42 ಡಿಗ್ರಿ ಬಿಸಿಲು ಪುಕ್ಕಟೆ ಸಿಗುವಾಗ ಲಕ್ಷಗಟ್ಟಲೆ ಕೊಟ್ಟು ಯಂತ್ರ ಯಾಕೆ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಮಾವಿನ ಹಪ್ಪಳಕ್ಕೆ, ಒಣ ಉಪ್ಪಿನಕಾಯಿ ಹೋಳಿಗೆ ಬಿಸಿಲೇ ಸರಿ, ಯಂತ್ರ ಬೇಡ. ಆದರೆ ಬಿಸಿಲಲ್ಲಿ ನೀರು ದ್ರವವಾಗಿಯೇ ಮೇಲ್ಮೈಗೆ ಬಂದು ಆರುತ್ತದೆ. ಬರುವಾಗ ಸಕ್ಕರೆಯನ್ನೂ ಎಳೆದು ತರುತ್ತದೆ, ಹಿಂದೆ ಉಳಿದ ಹಣ್ಣಿನ ಗೋಡೆಗಳು ಕುಸಿದು ಹೋಳು ಸುಕ್ಕುಗಟ್ಟಿ ಗಟ್ಟಿಯಾಗುತ್ತದೆ, ಬಣ್ಣ ಕಪ್ಪಾಗುತ್ತದೆ, ವಾಸನೆ ಹಾರಿಹೋಗುತ್ತದೆ. ಫ್ರೀಜ್ ಡ್ರೈನಲ್ಲಿ ನೀರು ಮೊದಲು ಮಂಜುಗಡ್ಡೆಯಾಗಿ ಹೆಪ್ಪುಗಟ್ಟಿ, ಆಮೇಲೆ ಕರಗದೆ ನೇರ ಆವಿಯಾಗಿ ಹೊರಡುತ್ತದೆ. ಗಡ್ಡೆ ಇದ್ದ ಜಾಗ ತೂತಾಗಿ ಉಳಿಯುತ್ತದೆ, ಹೋಳಿನ ಆಕಾರ ಹಾಗೇ ಇರುತ್ತದೆ. ಸೀತಾಫಲದಂಥ ಹಣ್ಣಿಗೆ ಬೇರೆ ದಾರಿಯೇ ಇಲ್ಲ. ಆ ಮಾತು ಮುಂದೆ ಬರುತ್ತದೆ.

ಒಳಗೆ ಏನು ನಡೆಯುತ್ತದೆ

ನೀರು ದ್ರವವಾಗಿ ಇರಲು ಕನಿಷ್ಠ 6.1 ಮಿಲಿಬಾರ್ ಒತ್ತಡ ಬೇಕು. ಪಾದರಸದ ಲೆಕ್ಕದಲ್ಲಿ ಅದು 4.6 ಮಿ.ಮೀ. ಒತ್ತಡ ಅದಕ್ಕಿಂತ ಕೆಳಗಿಳಿದರೆ ಗಡ್ಡೆಗೆ ಕರಗುವ ದಾರಿ ಮುಚ್ಚಿ, ಆವಿಯಾಗುವ ದಾರಿ ಒಂದೇ ಉಳಿಯುತ್ತದೆ. ಎಸಿ ಮೆಕ್ಯಾನಿಕ್‌ಗಳು ನಿರ್ವಾತವನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ, ಪಾದರಸದ 1 ಮಿ.ಮೀ. ಅಂದರೆ 1,000 ಮೈಕ್ರಾನ್. ಮೈನಸ್ 20 ಡಿಗ್ರಿ ಗಡ್ಡೆಯ ಆವಿ ಒತ್ತಡ ಸುಮಾರು 776 ಮೈಕ್ರಾನ್, ಮೈನಸ್ 30ರಲ್ಲಿ 286, ಮೈನಸ್ 40ರಲ್ಲಿ 97. ಈ ಮೂರು ಅಂಕಿ ನೆನಪಿಟ್ಟುಕೊಂಡರೆ ಯಂತ್ರದ ಪರದೆ ಓದಲು ಬರುತ್ತದೆ. ಒತ್ತಡ 480 ಮೈಕ್ರಾನ್ ಆಸುಪಾಸಿನಲ್ಲಿ ನಿಂತಿದ್ದರೆ ಹಣ್ಣಿನೊಳಗಿನ ಗಡ್ಡೆ ಮೈನಸ್ 25ಕ್ಕಿಂತ ಸ್ವಲ್ಪ ಮೇಲಿದೆ ಎಂದರ್ಥ.

ಆವಿಯನ್ನು ಯಂತ್ರದ ನಿರ್ವಾತ ಪಂಪ್ ಎಳೆದು ಹೊರಹಾಕುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ಲೆಕ್ಕ ಹಾಕಿ ನೋಡಿ. ಮೈನಸ್ 30ರಲ್ಲಿ 1 ಗ್ರಾಂ ಗಡ್ಡೆ ಆವಿಯಾದರೆ ಸುಮಾರು 3,000 ಲೀಟರ್ ಜಾಗ ತುಂಬುತ್ತದೆ. ಸಾಮಾನ್ಯ ಎರಡು ಹಂತದ ಪಂಪ್ ನಿಮಿಷಕ್ಕೆ 170 ಲೀಟರ್ ಎಳೆಯುತ್ತದೆ. 3 ಕೆ.ಜಿ. ನೀರನ್ನು ಹೀಗೆ ಎಳೆಯಲು ಒಂದು ತಿಂಗಳಿಗೂ ಹೆಚ್ಚು ಬೇಕು. ಅದಕ್ಕೇ ಮೈನಸ್ 35ರಿಂದ 40ರಲ್ಲಿರುವ ಕಾಯಿಲ್ ಅಥವಾ ತಣ್ಣನೆಯ ಗೋಡೆ ಇರುತ್ತದೆ. ಆವಿ ಅಲ್ಲಿ ಹೋಗಿ ಮತ್ತೆ ಗಡ್ಡೆ ಕಟ್ಟುತ್ತದೆ. ಪಂಪ್‌ನ ಕೆಲಸ ಗಾಳಿಯನ್ನು ಹೊರಗಿಡುವುದಷ್ಟೇ. ಕಾಯಿಲ್ ಸಾಕಷ್ಟು ತಣ್ಣಗಾಗದಿದ್ದರೆ ಎಷ್ಟು ದೊಡ್ಡ ಪಂಪ್ ಇದ್ದರೂ ಉಪಯೋಗವಿಲ್ಲ. ಕಲಬುರಗಿಯಲ್ಲಿ ಯಂತ್ರ ಸೋಲುವುದು ಇಲ್ಲಿಯೇ.

ಕೋಣೆ, ಕಾಲ, ಕರೆಂಟು

ಈ ಯಂತ್ರದ ಕಂಪ್ರೆಸರ್ ತನ್ನ ಬಿಸಿಯನ್ನು ಕೋಣೆಯ ಗಾಳಿಗೇ ಬಿಡಬೇಕು. ಕೋಣೆ 20–25 ಡಿಗ್ರಿ ಇದ್ದರೆ ಕಾಯಿಲ್ ಮೈನಸ್ 40ರ ಹತ್ತಿರ ಹೋಗುತ್ತದೆ. ಕೋಣೆಯೇ 38–40 ಡಿಗ್ರಿ ಆದಾಗ ಅದೇ ಕಾಯಿಲ್ ಮೈನಸ್ 25ಕ್ಕೆ ಒದ್ದಾಡುತ್ತದೆ, ಪಂಪ್ ಎಣ್ಣೆ ಬಿಸಿಯಾಗಿ ತೆಳ್ಳಗಾಗುತ್ತದೆ, ಒತ್ತಡ 500 ಮೈಕ್ರಾನ್‌ಗಿಂತ ಕೆಳಗಿಳಿಯುವುದಿಲ್ಲ. ಹಣ್ಣಿನ ಮಧ್ಯಭಾಗ ಮೆತ್ತಗಾಗಿ ಕುಸಿಯುತ್ತದೆ. ಜೊತೆಗೆ ಯಂತ್ರ ತಾನೇ ಹೆಚ್ಚುಕಡಿಮೆ ಒಂದು ಕಿಲೋವ್ಯಾಟ್ ಬಿಸಿಯನ್ನು ಕೋಣೆಗೆ ಸುರಿಯುತ್ತಿರುತ್ತದೆ. ತಗಡಿನ ಶೆಡ್ಡು, ಮಾಳಿಗೆ ಕೋಣೆ ಖಂಡಿತ ಬೇಡ. ನೆಲ ಅಂತಸ್ತಿನ ಉತ್ತರದ ಕೋಣೆ, ಗೋಡೆಯಿಂದ ಒಂದು ಅಡಿ ದೂರ, ಹಿಂದೆ ಗಾಳಿ ಆಡಲು ಜಾಗ. ಯಂತ್ರ 50–60 ಕೆ.ಜಿ. ಮೇಲೆಯೇ ತೂಗುತ್ತದೆ. ಗಟ್ಟಿ ಗೋಡೆಯ ಮೇಲೆ ಕೂರಿಸಿದ ಶಹಾಬಾದ್ ಫರ್ಶಿ ಕಟ್ಟೆ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಪಂಪ್ ಮಾತ್ರ ಕಟ್ಟೆಗಿಂತ ಕೆಳಗೆ, ಕಿಟಕಿ ಪಕ್ಕದಲ್ಲಿ ಇರಲಿ. ಅದರ ಬಾಯಿಂದ ಎಣ್ಣೆಯ ಮಂಜು ಬರುತ್ತದೆ.

ಹಾಗಾದರೆ ಮೇ ತಿಂಗಳ ಮಾವು? ಒಣಗಿಸುವ ಕೆಲಸವನ್ನು ಮೇನಲ್ಲೇ ಮುಗಿಸಬೇಕೆಂದು ಏನೂ ಇಲ್ಲ. ಹಣ್ಣು ಅಗ್ಗ ಇದ್ದಾಗ ಹೋಳು ಮಾಡಿ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಗಾಳಿ ತೆಗೆದ ಚೀಲದಲ್ಲಿ ಮೈನಸ್ 18ರ ಡೀಪ್ ಫ್ರೀಜರ್‌ನಲ್ಲಿಡಿ. ಎಂಟು ತಿಂಗಳು ಧಾರಾಳವಾಗಿ ಇರುತ್ತದೆ. ಯಂತ್ರ ಓಡಿಸುವುದು ನವೆಂಬರ್‌ನಿಂದ ಫೆಬ್ರವರಿವರೆಗೆ. ಆಗ ಗಾಳಿ ತಂಪು, ಸಾಲದ್ದಕ್ಕೆ ಒಣ. ಮಳೆಗಾಲದಲ್ಲಿ ಕೋಣೆ ತಂಪಾಗಿದ್ದರೂ ಗಾಳಿಯಲ್ಲಿ ತೇವ ಹೆಚ್ಚು, ಪ್ಯಾಕಿಂಗ್ ಹೊತ್ತಿಗೆ ತೊಂದರೆ. ಬೇಸಿಗೆಯಲ್ಲಿ ಗಾಳಿ ಒಣ ಇದ್ದರೂ ಯಂತ್ರಕ್ಕೆ ಬಿಸಿ. ಎರಡೂ ಒಳ್ಳೆಯದು ಒಟ್ಟಿಗೆ ಸಿಗುವುದು ಆ ನಾಲ್ಕು ತಿಂಗಳಲ್ಲೇ. ಮೇನಲ್ಲಿ ಓಡಿಸಲೇಬೇಕೆಂದರೆ ಎಸಿ ಇರುವ ಕೋಣೆ, ರಾತ್ರಿ ಹತ್ತರ ನಂತರ ಶುರು, ಟ್ರೇಗೆ ಅರ್ಧದಷ್ಟೇ ಹಣ್ಣು.

ಒಂದು ಸುತ್ತು 24ರಿಂದ 40 ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಕರೆಂಟು ಹೋಗುವುದಿಲ್ಲ ಎಂದು ನಂಬಿ ಕೂರುವುದು ಜಾಣತನವಲ್ಲ. ಕರೆಂಟು ಹೋದಾಗ ಮೊದಲ ಅಪಾಯ ಪಂಪ್‌ನದು. ಪಂಪ್ ನಿಂತರೆ ಒಳಗಿನ ನಿರ್ವಾತ ಅದರ ಎಣ್ಣೆಯನ್ನು ಹಿಂದಕ್ಕೆ ಎಳೆದುಕೊಂಡು ಹಣ್ಣಿನ ಮೇಲೆ ಸುರಿಯಬಹುದು. ಪಂಪ್ ಮತ್ತು ಹಣ್ಣಿಡುವ ಕೋಶದ ನಡುವೆ ಕರೆಂಟು ಹೋದ ಕ್ಷಣ ತಾನೇ ಮುಚ್ಚಿಕೊಳ್ಳುವ ಸೊಲಿನಾಯ್ಡ್ ವಾಲ್ವ್ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಎರಡನೇ ಅಪಾಯ ಕಂಪ್ರೆಸರ್‌ಗೆ. ಹೋದ ಕರೆಂಟು ಅರ್ಧ ನಿಮಿಷಕ್ಕೆ ಮರಳಿ ಬಂದರೆ ಅದು ಒತ್ತಡದ ಎದುರು ತಿರುಗಲಾಗದೆ ಕಾಯಿಸಿಕೊಳ್ಳುತ್ತದೆ. 3ರಿಂದ 5 ನಿಮಿಷ ಟೈಮ್ ಡಿಲೇ ಇರುವ ಸ್ಟೆಬಿಲೈಜರ್ ಹಾಕಿ. ಮನೆಯ ಫ್ಯಾನು-ಲೈಟಿನ ಇನ್ವರ್ಟರ್ ಈ ಕಂಪ್ರೆಸರ್ ಎಬ್ಬಿಸಲಾರದು. ಬಾಗಿಲು ಮುಚ್ಚಿ, ವಾಲ್ವ್ ಮುಚ್ಚಿ ಬಿಟ್ಟರೆ 20–30 ನಿಮಿಷದ ಕಟ್‌ಗೆ ಹಣ್ಣು ತಡೆದುಕೊಳ್ಳುತ್ತದೆ. ಗಂಟೆ ದಾಟುವಂತಿದ್ದರೆ ಟ್ರೇ ತೆಗೆದು ಡೀಪ್ ಫ್ರೀಜರ್‌ಗೆ ಸೇರಿಸಿ, ಕರೆಂಟು ಮರಳಿ ಬಂದು ಸ್ಥಿರವಾದ ಮೇಲೆ ಮತ್ತೆ ಶುರುಮಾಡಿ. ಕಾಯಿಲ್ ಮೇಲಿನ ಗಡ್ಡೆ ಕರಗಿ ಮತ್ತೆ ಹಣ್ಣಿಗೇ ಹೊಡೆದರೆ ಆ ಸುತ್ತು ಹಾಳಾದಂತೆಯೇ.

ಖರ್ಚಿನ ಲೆಕ್ಕ ಸರಳ. ಸರಾಸರಿ 0.8–1 ಕಿಲೋವ್ಯಾಟ್‌ನಂತೆ 30 ಗಂಟೆಗೆ 24ರಿಂದ 30 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೆ 170ರಿಂದ 210 ರೂಪಾಯಿ. 1 ಕೆ.ಜಿ. ಗಡ್ಡೆ ಆವಿಯಾಗಲು ಬೇಕಾದ ಶಾಖ 0.8 ಯೂನಿಟ್ ಕೂಡ ಇಲ್ಲ, ಉಳಿದದ್ದೆಲ್ಲ ತಣ್ಣಗಿಡುವುದಕ್ಕೆ ಮತ್ತು ಪಂಪ್‌ಗೆ. ಆದ್ದರಿಂದ ಅರ್ಧ ತುಂಬಿದ ಯಂತ್ರ ಓಡಿಸುವುದು ಕೈಯಿಂದ ದುಡ್ಡು ಕಳೆದುಕೊಂಡಂತೆ.

ಯಂತ್ರವಿಲ್ಲದೆ ಆಗುತ್ತದೆಯೇ

ಬರೀ ಫ್ರೀಜರ್‌ನಲ್ಲಿ ಹೋಳು ತೆರೆದಿಟ್ಟರೆ ವಾರಗಟ್ಟಲೆ ಹಿಡಿಯುತ್ತದೆ, ಮೇಲ್ಮೈ ಒಣಗಿ ಬಿಳಿಚಿಕೊಂಡು ಒಳಗೆ ಹಸಿಯಾಗೇ ಉಳಿಯುತ್ತದೆ, ಪಕ್ಕದ ಮೀನಿನ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಡ್ರೈ ಐಸ್ ಮೈನಸ್ 78 ಡಿಗ್ರಿಯದು, ಚೆನ್ನಾಗಿ ಹೆಪ್ಪುಗಟ್ಟಿಸುತ್ತದೆ, ಆದರೆ ನಿರ್ವಾತ ಇಲ್ಲದೆ ಒಣಗಿಸುವುದು ಅಷ್ಟಕ್ಕಷ್ಟೇ. ಮುಚ್ಚಿದ ಕೋಣೆಯಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಅದನ್ನು ಇಡಲೇಬಾರದು.

ಕೈಯಲ್ಲಿ ಕಟ್ಟುವವರು ಎಸಿ ಮೆಕ್ಯಾನಿಕ್‌ನ ಎರಡು ಹಂತದ ಪಂಪ್, ದಪ್ಪ ಸ್ಟೀಲ್ ಪಾತ್ರೆ, 20–25 ಮಿ.ಮೀ. ಅಕ್ರಿಲಿಕ್ ಮುಚ್ಚಳ, ಮಧ್ಯೆ ಆವಿ ಹಿಡಿಯುವ ತಣ್ಣನೆಯ ಟ್ರ್ಯಾಪ್ ಇಟ್ಟು ಮಾಡುತ್ತಾರೆ. ಆಗುತ್ತದೆ, ಆದರೆ 30 ಸೆಂ.ಮೀ. ಅಗಲದ ಮುಚ್ಚಳದ ಮೇಲೆ ಗಾಳಿ ಹಾಕುವ ಭಾರ ಹತ್ತಿರ ಹತ್ತಿರ 700 ಕೆ.ಜಿ. ಎಂಬುದನ್ನು ಮರೆಯಬಾರದು. ಗಾಜಿನ ಬರಣಿ, ತೆಳು ಪಾತ್ರೆ ಒಳಕ್ಕೆ ಸಿಡಿಯುತ್ತವೆ. ಪ್ರೆಶರ್ ಕುಕ್ಕರ್ ಒಳಗಿನ ಒತ್ತಡಕ್ಕೆಂದು ಮಾಡಿದ್ದು, ಹೊರಗಿನ ಒತ್ತಡಕ್ಕಲ್ಲ. ಒಳಮುಚ್ಚಳದ ಕುಕ್ಕರ್ ಅಂತೂ ಉಲ್ಟಾ ಕೆಲಸ ಮಾಡುತ್ತದೆ. ಹಬೆ ಮುಚ್ಚಳವನ್ನು ಮೇಲಕ್ಕೆ ಒತ್ತಿದಾಗ ಅದರ ಸೀಲ್ ಕೂರುತ್ತದೆ, ನಿರ್ವಾತ ಅದನ್ನು ಕೆಳಕ್ಕೆ ಎಳೆದು ಬಿಡಿಸುತ್ತದೆ.

ಹಣ್ಣು, ಕೊಯ್ತ, ಹೆಪ್ಪು

ಮಾವಿನಲ್ಲಿ ಬೇನಿಶಾನ್, ಕೇಸರ್ ಎರಡೂ ಚೆನ್ನಾಗಿ ಬರುತ್ತವೆ. ಬೆರಳಿಟ್ಟರೆ ಸ್ವಲ್ಪವೇ ಒಳಗೆ ಹೋಗುವ ಹದ ಬೇಕು. ಪೂರ್ತಿ ಮೆತ್ತಗಾದ ಹಣ್ಣಿನ ಗೋಡೆಗಳು ಆಗಲೇ ಬಿಟ್ಟಿರುತ್ತವೆ, ಟ್ರೇನಲ್ಲಿ ರಸವಾಗಿ ಹರಡಿಕೊಂಡುಬಿಡುತ್ತದೆ. ಹೋಳು 8 ಮಿ.ಮೀ. ದಪ್ಪ ದಾಟದಿರಲಿ. ದಪ್ಪ ಎರಡು ಪಟ್ಟಾದರೆ ಸಮಯ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ಯಾಕೆಂದರೆ ಗಡ್ಡೆಯೂ ಹೆಚ್ಚು, ಆವಿ ಹಾಯಬೇಕಾದ ಒಣ ಪದರವೂ ಉದ್ದ. ಒಂದು ಟ್ರೇನಲ್ಲಿ 6 ಮಿ.ಮೀ. ಹೋಳು ಮತ್ತು 12 ಮಿ.ಮೀ. ಹೋಳು ಬೆರೆಸಿದರೆ ಪರದೆ ಹೇಳುವುದು ತೆಳು ಹೋಳಿನ ಕತೆ, ಕೆಡುವುದು ದಪ್ಪ ಹೋಳು. ಕೈಚಾಕುವಿಗಿಂತ ಸ್ಲೈಸರ್ ಒಳ್ಳೆಯದು.

ಬಾಳೆಹಣ್ಣು 6–7 ಮಿ.ಮೀ. ಬಿಲ್ಲೆ. ಕಪ್ಪಾಗದಿರಲು ಅರ್ಧ ಲೀಟರ್ ನೀರಿಗೆ 3 ಗ್ರಾಂ ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ) ಕರಗಿಸಿ 3ರಿಂದ 5 ನಿಮಿಷ ಅದ್ದಿ, ಚೆನ್ನಾಗಿ ಸೋಸಿ, ಬಟ್ಟೆಯ ಮೇಲೆ ಒತ್ತಿ ತೆಗೆಯಿರಿ. ನಿಂಬೆರಸ–ನೀರು ಸಮಸಮ ಆದರೂ ನಡೆಯುತ್ತದೆ, ಹುಳಿ ತುಸು ನಿಲ್ಲುತ್ತದೆ. ಪೇರಲದ ನಡುವಿನ ಬೀಜದ ಭಾಗ ತೆಗೆದುಬಿಡಿ, ಒಣಗಿದ ಮೇಲೆ ಬೀಜ ಕಲ್ಲಾಗಿ ಹಲ್ಲು ಮುರಿಯುತ್ತದೆ. ಪಪ್ಪಾಯಿ, ಚಿಕ್ಕು ತಂಟೆಯಿಲ್ಲದ ಹಣ್ಣುಗಳು. ಚಳಿಗಾಲದಲ್ಲಿ ಮಹಾಬಳೇಶ್ವರದಿಂದ ಬರುವ ಸ್ಟ್ರಾಬೆರಿ ಎಲ್ಲಕ್ಕಿಂತ ಸುಲಭ, ಕಲಿಯುವವರು ಅದರಿಂದಲೇ ಶುರುಮಾಡಲಿ. ದ್ರಾಕ್ಷಿ, ನೇರಳೆ ಇಡಿಯಾಗಿ ಇಟ್ಟರೆ ಸಿಪ್ಪೆಯ ಮೇಣ ಆವಿಯನ್ನು ತಡೆಯುತ್ತದೆ, ಸಿಪ್ಪೆ ಬಿರಿದು ರಸ ನೊರೆಯಾಗಿ ಉಕ್ಕುತ್ತದೆ. ಅರ್ಧ ಕೊಯ್ದು, ಕೊಯ್ದ ಮುಖ ಮೇಲೆ ಮಾಡಿ ಇಡಬೇಕು. ದಾಳಿಂಬೆ ಕಾಳಿಗೂ ಇದೇ ತೊಂದರೆ, ಒಂದೊಂದು ಕಾಳು ಕೊಯ್ಯುವಷ್ಟು ತಾಳ್ಮೆ ಇಲ್ಲದವರು ಕೈ ಬಿಡುವುದು ಮೇಲು. ಕಲ್ಲಂಗಡಿ ಆಗುತ್ತದೆ, ಆದರೆ 1 ಕೆ.ಜಿ.ಗೆ 90 ಗ್ರಾಂ ಬಂದರೆ ಹೆಚ್ಚು, ಅದೂ ಗಾಳಿ ತಾಗಿದ ಐದು ನಿಮಿಷಕ್ಕೆ ಜೋಲು ಬೀಳುತ್ತದೆ. ಜೇನು, ಮುರಬ್ಬ, ಸಕ್ಕರೆ ಉದುರಿಸಿದ ಹಣ್ಣು ಒಣಗುವುದೇ ಇಲ್ಲ.

ಬರೀ ರಸವೂ ಹೀಗೆಯೇ ಕೈಕೊಡುತ್ತದೆ. ಸಕ್ಕರೆ ನೀರು ಮೈನಸ್ 18ರಲ್ಲಿ ಕಲ್ಲಿನಂತೆ ಕಂಡರೂ ಪೂರ್ತಿ ಹೆಪ್ಪುಗಟ್ಟಿರುವುದಿಲ್ಲ, ಗಡ್ಡೆಯ ಹರಳುಗಳ ನಡುವೆ ಗಟ್ಟಿ ಪಾಕ ಉಳಿದಿರುತ್ತದೆ. ಸುಕ್ರೋಸ್‌ನ ಪಾಕ ಗಾಜಿನಂತೆ ಬಿಗಿಯಾಗುವುದು ಮೈನಸ್ 32ರ ಹತ್ತಿರ. ಫ್ರಕ್ಟೋಸ್, ಗ್ಲೂಕೋಸ್ ಆದರೆ ಮೈನಸ್ 42ರ ಹತ್ತಿರ. ಹೋಳಿನಲ್ಲಿ ಪೆಕ್ಟಿನ್, ನಾರಿನ ಗೋಡೆಗಳು ಆ ಪಾಕವನ್ನು ಹಿಡಿದು ನಿಲ್ಲಿಸುತ್ತವೆ. ರಸದಲ್ಲಿ ಹಿಡಿಯುವ ಗೋಡೆಯೇ ಇಲ್ಲ, ಉಬ್ಬುತ್ತದೆ, ನೊರೆಯಾಗುತ್ತದೆ, ಕಾಯಿಲ್‌ವರೆಗೂ ಸಿಡಿಯುತ್ತದೆ.

ಹೆಪ್ಪುಗಟ್ಟಿಸಲು ಮನೆಯ ಫ್ರಿಜ್‌ನ ಫ್ರೀಜರ್ ನಂಬುವ ಮೊದಲು ಒಳಗೆ ಥರ್ಮಾಮೀಟರ್ ಇಡಿ. ಏಪ್ರಿಲ್‌ನಲ್ಲಿ ಅದು ಮೈನಸ್ 12 ದಾಟದಿರಬಹುದು. ಟ್ರೇಯನ್ನು ಡೀಪ್ ಫ್ರೀಜರ್‌ನಲ್ಲಿ 24 ಗಂಟೆ ಇಟ್ಟು, ಆಮೇಲೆ ಯಂತ್ರದಲ್ಲೇ ಮೈನಸ್ 30ಕ್ಕೆ ಇಳಿಯುವವರೆಗೆ 3–4 ಗಂಟೆ ಹೆಚ್ಚು ಕೊಡಿ. ನಿಧಾನ ಹೆಪ್ಪಿನಿಂದ ಹರಳು ದೊಡ್ಡದಾಗಿ ತೂತೂ ದೊಡ್ಡದಾಗುತ್ತದೆ, ಒಣಗುವುದು ಬೇಗ. ಬೇಗ ಹೆಪ್ಪುಗಟ್ಟಿಸಿದ್ದು ನೆನೆಸಿದಾಗ ಹಣ್ಣಿನ ಗುಣಕ್ಕೆ ಹತ್ತಿರ ಬರುತ್ತದೆ. ಕುರುಕಿಗೆ ತಿನ್ನುವುದಾದರೆ ನಿಧಾನ ಹೆಪ್ಪೇ ಸಾಕು.

ಸೀತಾಫಲ

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಚಿಂಚೋಳಿ, ಹುಮನಾಬಾದ್ ಕಡೆಯ ರಸ್ತೆ ಬದಿಯಲ್ಲಿ ಬುಟ್ಟಿಗಟ್ಟಲೆ ಇರುತ್ತದೆ, ಎರಡು ದಿನಕ್ಕೆ ಹಣ್ಣಾಗಿ ಮೂರನೇ ದಿನ ಹುಳಿ ವಾಸನೆ ಬರುತ್ತದೆ. ಬಿಸಿಲಿಗಿಟ್ಟರೆ ಕಂದಾಗುತ್ತದೆ, 60 ಡಿಗ್ರಿ ಆಸುಪಾಸು ಕಾಯಿಸಿದರೆ ಕಹಿ ಬಿಡುತ್ತದೆ. ಕಾಯಿಸದೆ ನೀರು ತೆಗೆಯಬೇಕಾದ ಹಣ್ಣು ಇದು. ಯಂತ್ರದ ಬೆಲೆಗೆ ನ್ಯಾಯ ಒದಗಿಸುವುದು ನನ್ನ ಲೆಕ್ಕದಲ್ಲಿ ಮಾವಿಗಿಂತ ಸೀತಾಫಲವೇ.

ಕಣ್ಣು ಬಿಟ್ಟು, ಒತ್ತಿದರೆ ಬಿರಿಯುವ ಹಣ್ಣು ಆರಿಸಿ. ತಿರುಳು ಹಣ್ಣಿನ ತೂಕದ ಸುಮಾರು ಶೇ 40. 5 ಕೆ.ಜಿ. ತಂದರೆ 2 ಕೆ.ಜಿ. ತಿರುಳು ಲೆಕ್ಕ ಹಾಕಿ. ದೊಡ್ಡ ತೂತಿನ ಸ್ಟೀಲ್ ಜರಡಿಯ ಮೇಲೆ ಕೈಯಿಂದ ಉಜ್ಜಿ ಬೀಜ ಬೇರೆ ಮಾಡಬೇಕು. ಮಿಕ್ಸಿಗೆ ಬೀಜ ಸಮೇತ ಹಾಕುವುದು ಅಪಾಯ, ಬೀಜದ ಒಳಭಾಗ ವಿಷ, ಅದರ ಪುಡಿ ಕಣ್ಣಿಗೆ ಬಿದ್ದರೆ ಉರಿದು ಹುಣ್ಣಾಗುತ್ತದೆ. ಸಿಪ್ಪೆಗೆ ಅಂಟಿದ ಮರಳು ಮರಳು ಪದರ ಕೆರೆಯಬೇಡಿ, ಒಣಗಿದ ಮೇಲೆ ಅದು ನಾಲಿಗೆಗೆ ಮರಳಾಗಿಯೇ ತಾಗುತ್ತದೆ. ತಿರುಳು ತೆಗೆದ ಕೂಡಲೇ ಕೆ.ಜಿ.ಗೆ 1 ಗ್ರಾಂ ಆಸ್ಕಾರ್ಬಿಕ್ ಆಮ್ಲ ಬೆರೆಸಿ, ತಡಮಾಡಿದರೆ ಹದಿನೈದು ನಿಮಿಷದಲ್ಲೇ ಅಂಚು ಕಂದಾಗತೊಡಗುತ್ತದೆ.

ತಿರುಳಿನಲ್ಲಿ ಸಕ್ಕರೆ ಶೇ 20ಕ್ಕೂ ಮೇಲೆ. ಹಾಗೇ ಒಣಗಿಸಿದರೆ ತಟ್ಟೆಯಾಗಿ ಬರುತ್ತದೆ, ಪುಡಿ ಮಾಡಲು ಹೋದರೆ ಮಿಕ್ಸಿ ಜಾರಿಗೆ ಅಂಟುತ್ತದೆ. ಪುಡಿ ಬೇಕಾದರೆ ಕೆ.ಜಿ. ತಿರುಳಿಗೆ 80ರಿಂದ 100 ಗ್ರಾಂ, ಪಿಷ್ಟದಿಂದ ಮಾಡಿದ ಪುಡಿಯಾದ ಮಾಲ್ಟೋಡೆಕ್ಸ್‌ಟ್ರಿನ್ ಕಲಸಿ. ಅದರ ದೊಡ್ಡ ಅಣುಗಳು ಪಾಕವನ್ನು ಬಿಗಿ ಹಿಡಿಯುತ್ತವೆ. ತಿನ್ನುವ ತಟ್ಟೆಗೆ ಬೇಡ, ರುಚಿ ತೆಳುವಾಗುತ್ತದೆ. ಟ್ರೇಗೆ ಸಿಲಿಕೋನ್ ಮ್ಯಾಟ್ ಅಥವಾ ಬಟರ್ ಪೇಪರ್ ಹಾಸಿ 8 ಮಿ.ಮೀ. ದಪ್ಪ ಹರಡಿ, ಅರೆಹೆಪ್ಪು ಆದಾಗ ಚಾಕುವಿನಿಂದ 2 ಸೆಂ.ಮೀ. ಚೌಕ ಗೆರೆ ಎಳೆಯಿರಿ. ಗೆರೆಯ ಬದಿಯಿಂದಲೂ ಆವಿ ಹೊರಡುತ್ತದೆ, ಮೇಲೆ ಸಿಪ್ಪೆ ಕಟ್ಟಿ ಉಬ್ಬುವುದಿಲ್ಲ. ಗಡ್ಡೆ ಆವಿಯಾಗಲು ಯಂತ್ರ ಟ್ರೇಗೆ ಕೊಡುವ ಬಿಸಿ 40–45 ಡಿಗ್ರಿ ಮೀರಿಸಬೇಡಿ. ಮಾವು, ಬಾಳೆಗೆ 50ರವರೆಗೆ ನಡೆಯುತ್ತದೆ.

ಓಡಿಸುವುದು ಮತ್ತು ತೂಗುವುದು

20 × 45 ಸೆಂ.ಮೀ. ಟ್ರೇಗೆ 700ರಿಂದ 900 ಗ್ರಾಂ ಹಣ್ಣು ಮಿತಿ. ಟ್ರೇ ಮೇಲೆ ನಂಬರ್ ಬರೆದು, ಖಾಲಿ ತೂಕ, ತುಂಬಿದ ತೂಕ ಎರಡೂ ಬರೆದಿಡಿ. ಹಣ್ಣು ಹಾಕುವ ಮೊದಲು ಖಾಲಿ ಯಂತ್ರ ತಣ್ಣಗೆ ಮಾಡಿ ಪಂಪ್ ಓಡಿಸಿ ನೋಡಿ, ಅರ್ಧ ಗಂಟೆಯೊಳಗೆ 500 ಮೈಕ್ರಾನ್‌ಗಿಂತ ಕೆಳಗೆ ಬರಬೇಕು. ಬರದಿದ್ದರೆ ಮೊದಲು ನೋಡಬೇಕಾದ್ದು ನೀರು ಬಿಡುವ ನಲ್ಲಿ ಮುಚ್ಚಿದೆಯೇ ಎಂದು. ನಗಬೇಡಿ, ಹೆಚ್ಚಿನ ‘ಲೀಕ್’ ಅದೇ. ಆಮೇಲೆ ಬಾಗಿಲಿನ ರಬ್ಬರ್, ಒಂದು ಕೂದಲು ಅಥವಾ ಪೇರಲದ ಒಂದು ಬೀಜ ಸಾಕು ಗಾಳಿ ನುಗ್ಗಲು. ಮೂರನೆಯದು ಎಣ್ಣೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆ, ಬದಲಿಸಿ. ಪಂಪ್‌ಗೆ ಗ್ಯಾಸ್ ಬ್ಯಾಲಸ್ಟ್ (ತುಸು ಗಾಳಿ ಒಳಬಿಡುವ ಸಣ್ಣ ವಾಲ್ವ್) ಇದ್ದರೆ ಸುತ್ತು ಮುಗಿದ ಮೇಲೆ ಅರ್ಧ ಗಂಟೆ ತೆರೆದು ಓಡಿಸಿದರೆ ಸ್ವಲ್ಪ ನೀರು ಬಿಟ್ಟುಹೋಗುತ್ತದೆ. ಕಂಪ್ರೆಸರ್ ಎಣ್ಣೆ ಇದಕ್ಕೆ ನಡೆಯದು, ವ್ಯಾಕ್ಯೂಮ್ ಪಂಪ್ ಎಣ್ಣೆಯೇ ಬೇಕು. ಇನ್ನೊಂದು ವಿಷಯ, ಒತ್ತಡ ಅಳೆಯುವ ಅಗ್ಗದ ಪಿರಾನಿ ಗೇಜ್ ನೀರಾವಿಯಲ್ಲಿ ನಿಜ ಒತ್ತಡಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ತೋರಿಸುತ್ತದೆ. ಒಣಗುತ್ತಾ ಬಂದ ಹಾಗೆ ಓದು ತಾನೇ ಇಳಿಯುತ್ತದೆ, ಅದೂ ಒಂದು ಸುಳಿವು.

ಈಗ ತಕ್ಕಡಿ. ಬೇನಿಶಾನ್‌ನಲ್ಲಿ ನೀರು ಶೇ 83ರ ಸುಮಾರು ಎಂದರೆ 800 ಗ್ರಾಂ ಹೋಳಿನಲ್ಲಿ ಘನ ಭಾಗ 136 ಗ್ರಾಂ. ಶೇ 3 ತೇವ ಉಳಿಸಿದರೆ 140 ಗ್ರಾಂ ಆಗಬೇಕು. ಪಪ್ಪಾಯಿಗೆ ನೀರು ಶೇ 88, ಬಾಳೆಗೆ 75, ಸೀತಾಫಲಕ್ಕೆ 73, ಪೇರಲಕ್ಕೆ 81 ಹಿಡಿಯಬಹುದು. ಇವೆಲ್ಲ ಅಂದಾಜು, ಹಣ್ಣಿನ ಹದ, ನೀರು ಹಾಯಿಸಿದ ತೋಟ, ಎಲ್ಲದಕ್ಕೂ ಅಂಕಿ ಅಲುಗುತ್ತದೆ. ಆದ್ದರಿಂದ ಗುರಿ ಅಂಕಿ ಮುಟ್ಟಿತು ಎಂದು ನಿಲ್ಲಿಸಬೇಡಿ, ತೂಕ ಇಳಿಯುವುದು ನಿಂತಿತೇ ಎಂದು ನೋಡಿ. ಯಂತ್ರ ಮುಗಿಸಿದಾಗ ಗಾಳಿಯನ್ನು ನಿಧಾನ ಒಳಬಿಟ್ಟು, ಟ್ರೇ ಬೆಚ್ಚಗಿರುವಾಗಲೇ ಬೇಗ ತೂಗಿ, ಮತ್ತೆ ಒಳಗಿಟ್ಟು 2 ಗಂಟೆ ಓಡಿಸಿ, ಮತ್ತೆ ತೂಗಿ. ಇಳಿಕೆ 1 ಗ್ರಾಂ ದಾಟದಿದ್ದರೆ ಮುಗಿಯಿತು. 4 ಗ್ರಾಂ ಇಳಿದರೆ ಇನ್ನೂ 2 ಗಂಟೆ. ಹೆಚ್ಚು ಹೊತ್ತು ಒಳಗಿದ್ದರೆ ಹಣ್ಣು ಕೆಡುವುದಿಲ್ಲ, ಕರೆಂಟು ಅಷ್ಟೇ ಖರ್ಚು. ಕಡಿಮೆ ಹೊತ್ತು ಇದ್ದರೆ ಇಡೀ ಚೀಲ ಕೆಡುತ್ತದೆ.

ಜೊತೆಗೆ ಬಾಗಿಲ ಹತ್ತಿರದ್ದಲ್ಲದ, ನಡುವಿನ ಟ್ರೇಯ ಅತಿ ದಪ್ಪ ಹೋಳು ಮುರಿದು ನೋಡಿ. ಟಕ್ಕೆಂದು ಮುರಿಯಬೇಕು, ಒಳಬಣ್ಣ ಹೊರಗಿನಷ್ಟೇ ತಿಳಿಯಾಗಿರಬೇಕು. ನಡುವೆ ಗಾಢ ಚುಕ್ಕಿ ಕಂಡರೆ, ತುಟಿಗೆ ಒತ್ತಿದಾಗ ತಣ್ಣಗೆ ತಾಗಿದರೆ ಅಲ್ಲಿ ಗಡ್ಡೆ ಇದೆ. ವಾಲ್ವ್ ಇರುವವರು ಪಂಪ್ ಕಡೆ ಮುಚ್ಚಿ ಒತ್ತಡ ಎಷ್ಟು ಬೇಗ ಏರುತ್ತದೆ ನೋಡಬಹುದು. ಖಾಲಿ ಯಂತ್ರದಲ್ಲಿ ಏರುವಷ್ಟೇ ಏರಿದರೆ ಒಣಗಿದೆ. ಕೊನೆಗೆ ಕಾಯಿಲ್‌ನ ಗಡ್ಡೆ ಕರಗಿಸಿದ ನೀರನ್ನೂ ತೂಗಿ, ಹಣ್ಣಿನಿಂದ ಹೋದ ತೂಕಕ್ಕೆ ಹೆಚ್ಚುಕಡಿಮೆ ಹೊಂದಬೇಕು. ಬಹಳ ಕಡಿಮೆ ಬಂದರೆ ಉಳಿದ ನೀರು ಪಂಪ್ ಎಣ್ಣೆಗೆ ಹೋಗಿದೆ, ಅಂದರೆ ಕಾಯಿಲ್ ತಣ್ಣಗಾಗುತ್ತಿಲ್ಲ. ಗಡ್ಡೆಯನ್ನು ಚಾಕುವಿನಿಂದ ಕೆತ್ತಬೇಡಿ, ಕಾಯಿಲ್ ತೂತು ಬಿದ್ದರೆ ಗ್ಯಾಸ್ ಹೋಯಿತು, ಯಂತ್ರವೂ ಹೋಯಿತು.

ಪ್ಯಾಕಿಂಗ್, ಮತ್ತು ಮೇ ತಿಂಗಳ ಅಟ್ಟ

ಒಣಗಿದ ಹೋಳು ಸ್ಪಂಜಿನಂತೆ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಹತ್ತು ನಿಮಿಷದೊಳಗೆ ಸೀಲ್ ಆಗಬೇಕು. ಚೀಲ, ಸೀಲಿಂಗ್ ಮಷಿನ್, ಆಕ್ಸಿಜನ್ ಅಬ್ಸಾರ್ಬರ್ ಎಲ್ಲ ಸಿದ್ಧ ಇಟ್ಟುಕೊಂಡೇ ಬಾಗಿಲು ತೆರೆಯಿರಿ. ಟ್ರೇ ತಣ್ಣಗಾಗಲಿ ಎಂದು ಕಾಯಬೇಡಿ, ಕೋಣೆಗಿಂತ ಬೆಚ್ಚಗಿರುವ ಹಣ್ಣು ತೇವ ಎಳೆಯುವುದು ಕಡಿಮೆ. ಸಾದಾ ಪ್ಲಾಸ್ಟಿಕ್ ಜಿಪ್ ಚೀಲ ನೀರಾವಿಯನ್ನು ಒಳಬಿಡುತ್ತದೆ, ಅಲ್ಯೂಮಿನಿಯಂ ಪದರದ ದಪ್ಪ ಚೀಲ ಬೇಕು, ಸೀಲ್ 8–10 ಮಿ.ಮೀ. ಅಗಲ. 1 ಲೀಟರ್ ಚೀಲದ ಗಾಳಿಯಲ್ಲಿ ಆಕ್ಸಿಜನ್ ಸುಮಾರು 200 ಮಿ.ಲೀ., ಅದಕ್ಕೆ 300 ಮಿ.ಲೀ. ಹೀರುವ ಒಂದು ಅಬ್ಸಾರ್ಬರ್ ಸಾಕು. ತಿಂಗಳೊಳಗೆ ತಿನ್ನುವುದಕ್ಕೆ ಬಿಗಿ ಮುಚ್ಚಳದ ಗಾಜಿನ ಬರಣಿ, 5 ಗ್ರಾಂ ಸಿಲಿಕಾ ಜೆಲ್ ಪೊಟ್ಟಣ ಸಾಕು. ಅಬ್ಸಾರ್ಬರ್ ಮತ್ತು ಜೆಲ್ ಒಟ್ಟಿಗೆ ಬೇಡ. ಅಬ್ಸಾರ್ಬರ್‌ನ ಕಬ್ಬಿಣ ತುಕ್ಕು ಹಿಡಿದೇ ಆಕ್ಸಿಜನ್ ನುಂಗುತ್ತದೆ, ಅದಕ್ಕೆ ಬೇಕಾದ ತೇವವನ್ನು ಜೆಲ್ ಕಸಿದುಕೊಳ್ಳುತ್ತದೆ.

ಫ್ರೀಜ್ ಡ್ರೈ ಕ್ರಿಮಿಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ. ತೊಳೆಯದ ಹಣ್ಣು, ಕೊಳೆ ಚಾಕು ಇದ್ದರೆ ನೆನೆಸಿದ ದಿನ ಅವು ಮತ್ತೆ ಏಳುತ್ತವೆ.

ಇಡುವ ಜಾಗದ ಬಗ್ಗೆ ಬೇರೆ ಊರಿನವರ ಸಲಹೆ ಇಲ್ಲಿ ನಡೆಯುವುದಿಲ್ಲ. ಒಣ ಫ್ರಕ್ಟೋಸ್ 5–10 ಡಿಗ್ರಿಯಲ್ಲೇ ಬಿಗಿ ಕಳೆದುಕೊಳ್ಳುತ್ತದೆ, ಗ್ಲೂಕೋಸ್ 31ರ ಸುಮಾರಿಗೆ, ಸುಕ್ರೋಸ್ 60 ದಾಟಿದ ಮೇಲೆ. ಹಣ್ಣಿನಲ್ಲಿರುವುದು ಇವುಗಳ ಮಿಶ್ರಣ. ಆದ್ದರಿಂದ ಸೀಲ್ ಕೆಡದಿದ್ದರೂ, ಒಂದು ಹನಿ ತೇವ ಹೋಗದಿದ್ದರೂ, 40 ಡಿಗ್ರಿ ದಾಟಿದ ಅಟ್ಟದಲ್ಲಿ ದ್ರಾಕ್ಷಿ, ಮಾವು, ಸೀತಾಫಲ ತಾವಾಗಿಯೇ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳಬಹುದು. ಮಾರ್ಚ್‌ನಿಂದ ಜೂನ್‌ವರೆಗೆ ಚೀಲಗಳನ್ನು ಫ್ರಿಜ್‌ನ ಕೆಳಗಿನ ಖಾನೆಗೆ ಇಳಿಸಿ. ತೆರೆಯುವಾಗ ಚೀಲ ಕೋಣೆಯ ಬಿಸಿಗೆ ಬರುವವರೆಗೆ ಒಂದು ಗಂಟೆ ಬಿಡಿ, ಇಲ್ಲದಿದ್ದರೆ ತಣ್ಣನೆಯ ಹೋಳಿನ ಮೇಲೆ ನೀರು ಕೂರುತ್ತದೆ.

ಸೀತಾಫಲದ ತಟ್ಟೆಯನ್ನು ಬಾಸುಂದಿಗೆ ಹಾಕುವವರು ಬಾಸುಂದಿ ಪೂರ್ತಿ ಆರಿದ ಮೇಲೆಯೇ ಹಾಕಬೇಕು, ಬಿಸಿಯಲ್ಲಿ ಅದೇ ಕಹಿ ಮರಳುತ್ತದೆ. ಬರೀ ತಿರುಳು ಬೇಕಾದರೆ ಮಾಲ್ಟೋಡೆಕ್ಸ್‌ಟ್ರಿನ್ ಇಲ್ಲದ 27 ಗ್ರಾಂ ತಟ್ಟೆಗೆ 70 ಮಿ.ಲೀ. ತಣ್ಣನೆಯ ಹಾಲು ಸೇರಿಸಿ, ಕಲಕದೆ ಹತ್ತು ನಿಮಿಷ ಬಿಡಿ. ಮೊದಲೇ ಕಲಕಿದರೆ ಮೇಲ್ಭಾಗ ಅಂಟಾಗಿ ಒಳಕ್ಕೆ ಹಾಲು ಇಳಿಯುವುದಿಲ್ಲ.